ಒಪ್ಪಿಸಿಕೊಂಡ ನಾಯಿ

ಕಳೆದ ಮಾಘಮಾಸದಲ್ಲಿ ನನ್ನ ಹೆಂಡತಿಯ ತಮ್ಮ ತನ್ನ ತಾಯಿಯನ್ನು ಕರೆದುಕೊಂಡು ಕಾಶಿ, ಪ್ರಯಾಗ, ಗಯೆಗಳ ಯಾತ್ರೆಗೆ ಹೊರಟ. ಡೊಂಬಿವಲಿಯ ಅವನ ಮನೆಯಲ್ಲಿ ಮೋತಿ ಎಂಬುದೊಂದು ಮುಧೋಳದ ನಾಯಿ ಇದೆ. ಯಾತ್ರೆಗೆ ನಾಯಿಯನ್ನು ಕರೆದೊಯ್ಯುವಂತಿರಲಿಲ್ಲ. ಧರ್ಮರಾಯನೊಬ್ಬ ಕರೆದೊಯ್ದಿದ್ದ ನಿಜ, ಆದರೆ ಅವನು ರೈಲಿನಲ್ಲಿ ಹೋದವನಲ್ಲ. ಹೀಗಾಗಿ ಒಂದು ಸಂಜೆ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಅದರಿಂದ ಮೊದಲು ಮೋತಿಯೂ ಆಮೇಲೆ ನನ್ನ ಭಾವಮೈದನೂ ಇಳಿದರು.

“ಮಾಮಾ, ಹನ್ನೆರಡ ದಿನದ ಮಾತು ಅಷ್ಟ. ಇದು ಯಾರಿಗೂ ತ್ರಾಸ ಕೊಡೂದಿಲ್ರೀ. ಎರಡ ಹೊತ್ತು ಓಡಿಸಿದ್ರ ಸಾಕು” ಎಂದು ಹೇಳಿ ಅವನು ಚೈನನ್ನು ನನ್ನ ಕೈಗಿತ್ತ. ಟ್ಯಾಕ್ಸಿಯಲ್ಲೇ ಕುಳಿತಿದ್ದ ಅತ್ತೆಯವರು ಕೈಮುಗಿದರು. ಟ್ಯಾಕ್ಸಿ ಹೊರಟಿತು. ಮೋತಿ ಅದು ಹೋದ ದಿಕ್ಕನ್ನೇ ನೋಡುತ್ತ ನಿಂತಿತು. ನಾನು ಮೋತಿಯನ್ನು ನೋಡುತ್ತ ನಿಂತೆ.

“ಎರಡು ಹೊತ್ತು ಓಡಿಸುವುದು” ಎಂದರೇನೆಂದು ಮರುದಿನ ಬೆಳಗಿನ ಐದೂವರೆಗೆ ತಿಳಿಯಿತು. ನಾನು ನಾಯಿಯನ್ನು ಓಡಿಸುವುದಲ್ಲ, ನಾಯಿ ನನ್ನನ್ನು ಓಡಿಸುವುದು ಎಂಬುದು ಆ ಮಾತಿನ ಅರ್ಥ. ಇಪ್ಪತ್ತು ವರ್ಷಗಳಿಂದ ಕಡತಗಳ ಮುಂದೆ ಕುಳಿತ ಕಾಲುಗಳು ಕಾಲೊನಿಯನ್ನು ನಾಲ್ಕು ಸುತ್ತು ಹಾಕಿದವು. ಎರಡು ಕೋಣೆಯ ಮನೆಯಲ್ಲಿ ಅದು ಒಂದು ನೆಗೆತಕ್ಕೆ ಅಡುಗೆಮನೆಯಿಂದ ಬಾಲ್ಕನಿಗೆ ಮುಟ್ಟುತ್ತಿತ್ತು. ನಡುವೆ ಇರುವ ಕುರ್ಚಿ, ಸ್ಟೂಲು, ಒಣಗಲು ಹಾಕಿದ ಹಪ್ಪಳ ಯಾವುದೂ ಅದಕ್ಕೆ ಲೆಕ್ಕವಲ್ಲ.

ಈ ಹನ್ನೆರಡು ದಿನಗಳ ರಾತ್ರಿಗಳಲ್ಲಿ, ನಾಯಿ ಮಲಗಿದ ಮೇಲೆ, ಒಂದು ಪ್ರಶ್ನೆ ನನ್ನನ್ನು ಕಾಡಿತು. ನಾಯಿ ಸಾಕಿದವರ ಕಥೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಆದರೆ ಇನ್ನೊಬ್ಬರ ನಾಯಿಯನ್ನು ಒಪ್ಪಿಸಿಕೊಂಡು ನೋಡಿಕೊಂಡವರ ಕಥೆ ಎಲ್ಲಾದರೂ ದಾಖಲಾಗಿದೆಯೇ? ಒಬ್ಬರ ಮನೆಯ ಜೀವ ಇನ್ನೊಬ್ಬರ ಕೈಗೆ ಬಂದಾಗ ಆ ಕೈಯ ಹೊಣೆ ಎಷ್ಟು? ಹುಡುಕಿದಾಗ ಮೂರು ಪ್ರಸಂಗಗಳು ಸಿಕ್ಕವು. ಒಂದು ನಮ್ಮ ನಾಡಿನದೇ, ಸಾವಿರ ವರ್ಷಕ್ಕೂ ಹಳೆಯದು. ಇನ್ನೆರಡು ಹೊರದೇಶದವು. ಅವುಗಳನ್ನು ನಮ್ಮ ಸಂಘದ ಓದುಗರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಪುರಾಣದ ಮಾತೊಂದನ್ನು ಹೇಳಿ ಮುಂದುವರಿಯುತ್ತೇನೆ. ಧರ್ಮರಾಯನ ಬೆನ್ನು ಹತ್ತಿದ ನಾಯಿ ಎಲ್ಲರಿಗೂ ಗೊತ್ತು. ಆದರೆ ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಬರುವ ನಾಯಿಗಳು ಅಷ್ಟು ಪ್ರಸಿದ್ಧವಲ್ಲ. ತಾಯಿಯ ತವರಿನಲ್ಲಿದ್ದ ಭರತ ಅಯೋಧ್ಯೆಗೆ ಹೊರಟು ನಿಂತಾಗ ಕೇಕಯರಾಜ ಕೊಟ್ಟ ಉಡುಗೊರೆಗಳಲ್ಲಿ ಅಂತಃಪುರದಲ್ಲಿ ಬೆಳೆದ, ದೊಡ್ಡ ಮೈಯ, ಹುಲಿಯ ಬಲದ ನಾಯಿಗಳೂ ಇದ್ದವು. ದುಃಸ್ವಪ್ನ ಕಂಡು ಕಳವಳದಲ್ಲಿದ್ದ ಭರತನಿಗೆ ಆ ಉಡುಗೊರೆಗಳಿಂದ ಸಂತೋಷವಾಗಲಿಲ್ಲ ಎಂದು ಕವಿ ಹೇಳುತ್ತಾನೆ. ನಂಟರ ನಾಯಿ ಮನೆಗೆ ಬರುವ ಹೊತ್ತು ಎಂದೂ ಅನುಕೂಲದ ಹೊತ್ತಾಗಿರುವುದಿಲ್ಲ ಎಂದು ನಾನು ಇದಕ್ಕೊಂದು ಟಿಪ್ಪಣಿ ಸೇರಿಸಬಲ್ಲೆ. ಇರಲಿ, ಇದು ಕಾವ್ಯದ ಮಾತು. ಚರಿತ್ರೆಗೆ ಬರೋಣ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕೆಲವು ವರ್ಷಗಳ ಹಿಂದೆ ಇಲಾಖೆಯ ಪರೀಕ್ಷೆಯೊಂದಕ್ಕೆ ಹೋದವನು ರೈಲಿಗೆ ಹೊತ್ತಿದೆಯೆಂದು ಅದರೊಳಗೆ ಕಾಲಿಟ್ಟಿದ್ದೆ. ಅಲ್ಲಿ ಒಂದು ವೀರಗಲ್ಲು. ಸಾಮಾನ್ಯ ವೀರಗಲ್ಲಿನಲ್ಲಿ ಬಿಲ್ಲು ಹಿಡಿದ ವೀರನೋ, ತುರು ಕಾಯುತ್ತ ಸತ್ತವನೋ, ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರೋ ಇರುತ್ತಾರೆ. ಈ ಕಲ್ಲಿನಲ್ಲಿ ಅವರಾರೂ ಇಲ್ಲ. ಒಂದು ಕಾಡುಹಂದಿ, ಅದರ ಮೇಲೆ ಬಿದ್ದ ಒಂದು ನಾಯಿ, ಅಷ್ಟೇ. ಸುತ್ತಲೂ ಹಳಗನ್ನಡದ ಅಕ್ಷರಗಳು. ಇದೇ ಪ್ರಸಿದ್ಧವಾದ ಆತಕೂರು ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು. ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50.

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಶಾಸನ ಬೇಕಾಗುವುದು ಬೇರೆ ಕಾರಣಕ್ಕೆ. ದಕ್ಷಿಣ ಭಾರತದ ದಿಕ್ಕು ಬದಲಿಸಿದ ತಕ್ಕೋಲದ ಯುದ್ಧದ ಸುದ್ದಿ ಇದರಲ್ಲಿದೆ. ತಕ್ಕೋಲ ಇಂದಿನ ತಮಿಳುನಾಡಿನ ಅರಕ್ಕೋಣದ ಸಮೀಪದ ಊರು. ಅಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಶಾಸನದ ಮಾತಿನಲ್ಲಿ ಕನ್ನರದೇವ, ಚೋಳ ರಾಜಕುಮಾರ ರಾಜಾದಿತ್ಯನನ್ನು ಎದುರಿಸಿದ. ಕೃಷ್ಣನ ಪಕ್ಷದಲ್ಲಿ ಹೋರಾಡಿದವನು ಗಂಗರ ದೊರೆ ಇಮ್ಮಡಿ ಬೂತುಗ. ಅವನು ಆನೆಯ ಮೇಲಿದ್ದ ರಾಜಾದಿತ್ಯನನ್ನು ಅಲ್ಲಿಯೇ ಕೊಂದ. ಈ ಬೂತುಗ ಕೃಷ್ಣನಿಗೆ ಹೊರಗಿನವನಲ್ಲ. ಕೃಷ್ಣನ ಸೋದರಿ ರೇವಕನಿಮ್ಮಡಿ ಅವನ ಪತ್ನಿ. ಗೆದ್ದ ಸಂತೋಷದಲ್ಲಿ ಕೃಷ್ಣ ತನ್ನ ಸೋದರಿಯ ಗಂಡನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಈ ನಾಡುಗಳನ್ನು ಕೊಟ್ಟನೆಂದು ಶಾಸನ ಹೇಳುತ್ತದೆ. ಬೆಳ್ವೊಲ ಎಂದರೆ ನಮ್ಮ ಗದಗಿನ ಕಡೆಯ ಕರಿನೆಲ. ಪುರಿಗೆರೆ ಇಂದಿನ ಲಕ್ಷ್ಮೇಶ್ವರ. ಬಾಗೆನಾಡು ಬಾಗಲಕೋಟೆಯ ಸೀಮೆ. ಹೆಂಡತಿಯ ತಮ್ಮಂದಿರು ಅಂದು ಭಾವನಿಗೆ ಏನು ಕೊಡುತ್ತಿದ್ದರು, ಇಂದು ಏನು ಕೊಡುತ್ತಾರೆ ಎಂದು ಹೋಲಿಸಿ ನೋಡುವ ಆಸೆ ನನಗೂ ಆಯಿತು. ಆದರೆ ಬಾಗೆನಾಡಿನಿಂದ ನನಗೂ ಒಂದು ಪಾಲು ಬಂದಿದೆ. ಅದು ಆಗ ಬಾಲ್ಕನಿಯಲ್ಲಿ ನನ್ನ ಚಪ್ಪಲಿ ಕಡಿಯುತ್ತಿತ್ತು.

ನಾಯಿಯ ಮಾತು ಬರುವುದು ಇದರ ನಂತರ. ಬೂತುಗನ ಸೇವಕರಲ್ಲಿ ಮಣಲೆರ ಎಂಬ ವೀರನಿದ್ದ. ಸಗರವಂಶದವನು. ಯುದ್ಧದಲ್ಲಿ ಅವನು ತೋರಿಸಿದ ಪರಾಕ್ರಮಕ್ಕೆ ದೊರೆ ಮೆಚ್ಚಿ, ಬೇಕಾದುದನ್ನು ಕೇಳು ಎಂದ. ಅವನು ಭೂಮಿ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ದೊರೆಯ ಬಳಿ ಇದ್ದ ಕಾಳಿ ಎಂಬ ನಾಯಿಯನ್ನು ದಯಪಾಲಿಸಬೇಕೆಂದ. ದೊರೆ ಕೊಟ್ಟ. ಮುಂದೆ ಕೆಳಲೆನಾಡಿನ ಬೆಳತೂರಿನ ಪಶ್ಚಿಮಕ್ಕಿರುವ ಗುಡ್ಡದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು.

ಇಷ್ಟಕ್ಕೆ ಮುಗಿದಿದ್ದರೆ ಅದು ಬೇಟೆಯ ಸುದ್ದಿ. ಆದರೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಆ ನಾಯಿಗಾಗಿ ಕಲ್ಲು ನೆಡಿಸಲಾಯಿತು. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಡಲಾಯಿತು. ಅಲ್ಲಿನ ಗೊರವ, ಎಂದರೆ ಶೈವ ಅರ್ಚಕ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದು ಬರೆಸಲಾಯಿತು. ದೊರೆ ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟದ್ದೂ ಅದೇ ಕಲ್ಲಿನಲ್ಲಿದೆ. ವೀರನ ಕತ್ತಿಯನ್ನು ತೊಳೆದು ಕೊಡುವ ಗೌರವದ ದತ್ತಿಗೆ ಬಾಳ್ಗಚ್ಚು ಎಂದು ಹೆಸರು.

ಈ ಶಾಸನವನ್ನು ಕುರಿತು ಬರೆದವರು ಸಾಮಾನ್ಯವಾಗಿ ನಾಯಿಯ ಶೌರ್ಯವನ್ನು ಹೊಗಳುತ್ತಾರೆ. ಅದು ಸರಿಯೇ. ಆದರೆ ಚೈನು ಕೈಯಲ್ಲಿ ಹಿಡಿದವನಿಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಕಾಳಿ ದೊರೆಯ ನಾಯಿ. ಮಣಲೆರ ಅದನ್ನು ಬಾಯಿಬಿಟ್ಟು ಕೇಳಿ ಪಡೆದ. ಅವನ ವಶದಲ್ಲಿದ್ದಾಗ ಅದು ಸತ್ತಿತು. ಇನ್ನೊಬ್ಬನಾಗಿದ್ದರೆ ವಿಷಯವನ್ನು ಅಲ್ಲಿಗೇ ಮುಚ್ಚುತ್ತಿದ್ದ. ಇಲ್ಲಿ ಹಾಗಾಗಲಿಲ್ಲ. ಯಾವ ನಾಡು, ಯಾವ ಊರು, ಊರಿನ ಯಾವ ದಿಕ್ಕು, ಯಾವ ಪ್ರಾಣಿಯ ಮೇಲೆ ಬಿಟ್ಟದ್ದು, ಏನಾಯಿತು ಎಲ್ಲವನ್ನೂ, ಚಕ್ರವರ್ತಿಯ ವಿಜಯದ ಸುದ್ದಿ ಇರುವ ಕಲ್ಲಿನ ಮೇಲೆಯೇ ಕೆತ್ತಿಸಲಾಯಿತು. ನಾವು ಕಚೇರಿಯಲ್ಲಿ ಒಂದು ಸರಕು ಕೆಟ್ಟರೆ ಎಂದು, ಎಲ್ಲಿ, ಯಾರ ವಶದಲ್ಲಿದ್ದಾಗ ಎಂದು ಬರೆದು ಸಹಿ ಹಾಕುತ್ತೇವೆ. ಆ ಕಲ್ಲು ನನಗೆ ಅಂಥದೊಂದು ಲೆಕ್ಕಪತ್ರದಂತೆ ಕಂಡಿತು. ವ್ಯತ್ಯಾಸವೆಂದರೆ ನಮ್ಮ ಕಾಗದಗಳು ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವುದಕ್ಕೆ. ಆ ಕಲ್ಲು ಸತ್ತ ಜೀವಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವುದಕ್ಕೆ.

ನಮ್ಮ ನಾಡಿನಲ್ಲಿ ನಾಯಿಯ ಬಗೆಗಿನ ಆಸಕ್ತಿ ಅಲ್ಲಿಗೆ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೂ ಸ್ಥಾನವಿದೆ. ಸಾರಮೇಯ ಎಂದರೆ ನಾಯಿ. ಇತ್ತೀಚಿನ ಕಾಲಕ್ಕೆ ಬಂದರೆ, ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ತಮ್ಮ ಸೀಮೆಯ ಬೇಟೆನಾಯಿಗಳಿಗೆ ಆಶ್ರಯ ಕೊಟ್ಟು, ಒಂದು ಜೊತೆಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜರಿಗೆ ಕಾಣಿಕೆಯಾಗಿ ಕೊಟ್ಟರೆಂದು ಪ್ರತೀತಿ. 2005ರಲ್ಲಿ ನಮ್ಮ ಅಂಚೆ ಇಲಾಖೆ ಭಾರತದ ನಾಲ್ಕು ನಾಯಿತಳಿಗಳ ಅಂಚೆಚೀಟಿ ತಂದಾಗ ಮುಧೋಳದ ನಾಯಿಯೂ ಅವುಗಳಲ್ಲಿ ಒಂದಾಗಿತ್ತು. ಈಗ ಸೈನ್ಯದವರೂ ಅದನ್ನು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟು ನೋಡಿದ್ದಾರೆ. ಇದು ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ಮೈಯೆಲ್ಲ ಬಿಲ್ಲಿನಂತಾಗುತ್ತದೆ. ಮುಖ ನೀಳ, ತಲೆ ಸಣ್ಣದು, ಕುತ್ತಿಗೆ ದಪ್ಪ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಎರಡನೆಯ ಪ್ರಸಂಗ ಇಂಗ್ಲೆಂಡಿನದು. ಬಿ.ಎಸ್‌ಸಿ. ಓದುವಾಗ ಚಾರ್ಲ್ಸ್ ಡಾರ್ವಿನ್ನರ ವಿಕಾಸವಾದವನ್ನು ಬಾಯಿಪಾಠ ಮಾಡಿದ್ದೆವು. ಅವರು ನಾಯಿಗಳ ಹುಚ್ಚರೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. 1831ರಲ್ಲಿ ಅವರು ‘ಬೀಗಲ್’ ಹಡಗನ್ನೇರಿ ಜಗತ್ತನ್ನು ಸುತ್ತಲು ಹೊರಟಾಗ ಮನೆಯಲ್ಲಿ ಒಂದು ನಾಯಿಯನ್ನು ಬಿಟ್ಟು ಹೋಗಿದ್ದರು. ಹೊರಗಿನವರನ್ನು ಹತ್ತಿರ ಸೇರಿಸದ ಒರಟು ನಾಯಿ. ಅವರು ಮರಳಿದ್ದು 1836ರ ಅಕ್ಟೋಬರಿನಲ್ಲಿ. ಅದು ತನ್ನನ್ನು ಮರೆತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅದಿದ್ದ ಲಾಯದ ಬಳಿ ಹೋಗಿ ಹಳೆಯ ರೀತಿಯಲ್ಲೇ ಕೂಗಿದರು. ಅದು ಕುಣಿದಾಡಲಿಲ್ಲ. ಅರ್ಧ ಗಂಟೆಯ ಹಿಂದಷ್ಟೇ ಬಿಟ್ಟು ಹೋದವರು ಬಂದರೋ ಎಂಬಂತೆ ಎದ್ದು ಅವರ ಹಿಂದೆ ತಿರುಗಾಟಕ್ಕೆ ಹೊರಟಿತು. ಆಗಲಿಕೆಯ ಅವಧಿ ಐದು ವರ್ಷ ಎರಡು ದಿನ. 1871ರಲ್ಲಿ ಪ್ರಕಟವಾದ ‘ಮಾನವನ ಅವತರಣ’ ಗ್ರಂಥದಲ್ಲಿ ಪ್ರಾಣಿಗಳ ನೆನಪಿನ ಶಕ್ತಿಗೆ ಉದಾಹರಣೆಯಾಗಿ ಅವರೇ ಇದನ್ನು ದಾಖಲಿಸಿದ್ದಾರೆ. ಆದರೆ ಆ ಐದು ವರ್ಷ ಎರಡು ದಿನ ನಾಯಿಗೆ ಅನ್ನ ಹಾಕಿದವರ ಮಾತು ಅಲ್ಲಿಲ್ಲ. ವಿಜ್ಞಾನಿಗೆ ಬೇಕಾದದ್ದು ನಾಯಿಯ ನೆನಪು, ನೋಡಿಕೊಂಡವರ ಶ್ರಮವಲ್ಲ.

ಆ ಶ್ರಮದ ಪಾಳಿ ಡಾರ್ವಿನ್ನರಿಗೂ ಬಂತು. 1871ರ ಆಗಸ್ಟಿನಲ್ಲಿ ಅವರ ಮಗಳು ಹೆನ್ರಿಯೆಟಾಳ ಮದುವೆಯಾಯಿತು. ಅವಳದೊಂದು ನಾಯಿ ಇತ್ತು. ಹೆಸರು ಪಾಲಿ, ಬಿಳಿಯ ಬಣ್ಣದ ಚುರುಕಾದ ಟೆರಿಯರ್ ಜಾತಿಯದು. ಮಗಳು ಗಂಡನ ಮನೆಗೆ ಹೋದಳು, ನಾಯಿ ತಂದೆಯ ಮನೆಯಲ್ಲಿ ಉಳಿಯಿತು. ಆಗ ಡಾರ್ವಿನ್ನರಿಗೆ ಅರವತ್ತೆರಡು ವರ್ಷ, ಆರೋಗ್ಯ ಅಷ್ಟಕ್ಕಷ್ಟೇ. ಅವರ ಅಭ್ಯಾಸದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕ ಅದಕ್ಕೊಂದು ಬುಟ್ಟಿ ಬಂತು. ಅದರ ಮೂಗಿನ ಮೇಲೆ ಬಿಸ್ಕತ್ತು ಇಟ್ಟು, ಒಳ್ಳೆಯ ಹುಡುಗಿಯಾಗಿರಬೇಕು ಎಂದು ಗಂಭೀರವಾಗಿ ಉಪದೇಶ ಮಾಡಿ, ಆಮೇಲೆ ಅದು ಬಿಸ್ಕತ್ತನ್ನು ಹಾರಿಸಿ ಹಿಡಿಯುವುದನ್ನು ನೋಡುತ್ತಿದ್ದರಂತೆ. ಮಗ ಫ್ರಾನ್ಸಿಸ್ ತಂದೆಯ ಬಗ್ಗೆ ಬರೆದ ನೆನಪುಗಳಲ್ಲಿ ಇದೆಲ್ಲ ಇದೆ. ಪಾಲಿಯ ಬೆನ್ನಿನಲ್ಲಿ ಸುಟ್ಟ ಕಲೆಯೊಂದಿತ್ತು. ಅಲ್ಲಿ ಬಿಳಿಯ ಬದಲು ಕೆಂಪು ಕೂದಲು ಬೆಳೆದಿತ್ತು. ಅದರ ತಂದೆ ಕೆಂಪು ಬಣ್ಣದ ನಾಯಿಯಾದ್ದರಿಂದ, ಆನುವಂಶಿಕತೆಯ ತಮ್ಮ ಸಿದ್ಧಾಂತಕ್ಕೆ ಪಾಲಿ ಸಾಕ್ಷಿ ನುಡಿಯುತ್ತಿದೆ ಎಂದು ಡಾರ್ವಿನ್ ಅದನ್ನು ಮೆಚ್ಚಿಕೊಳ್ಳುತ್ತಿದ್ದರು. ಆ ಸಿದ್ಧಾಂತ ಮುಂದೆ ನಿಲ್ಲಲಿಲ್ಲ. ಪಾಲಿಯ ತಪ್ಪೇನೂ ಇಲ್ಲ, ಅದು ತನ್ನ ಕೈಲಾದ ಸಾಕ್ಷ್ಯ ನುಡಿದಿತ್ತು.

1872ರಲ್ಲಿ ಬಂದ ‘ಭಾವಗಳ ಅಭಿವ್ಯಕ್ತಿ’ ಎಂಬ ಗ್ರಂಥದಲ್ಲಿ ಡಾರ್ವಿನ್ ಒಂದು ಹೆಣ್ಣು ಟೆರಿಯರ್ ನಾಯಿಯ ಸಂಗತಿ ಬರೆಯುತ್ತಾರೆ. ಮರಿಗಳನ್ನು ಕಳೆದುಕೊಂಡ ಆ ನಾಯಿ ತನ್ನ ತಾಯ್ತನವನ್ನೆಲ್ಲ ಅವರ ಮೇಲೆ ಸುರಿಯಿತು. ಅವರ ಕೈಗಳನ್ನು ಎಷ್ಟು ನೆಕ್ಕಿದರೂ ಅದಕ್ಕೆ ತೃಪ್ತಿಯಿರಲಿಲ್ಲ. ಇನ್ನೊಂದು ಸಂಗತಿಯನ್ನು ಫ್ರಾನ್ಸಿಸ್ ಹೇಳುತ್ತಾರೆ: ಡಾರ್ವಿನ್ ಊರಿಗೆ ಹೊರಡುವುದಿದ್ದರೆ ಕೋಣೆಯಲ್ಲಿ ಸಾಮಾನು ಕಟ್ಟುವುದನ್ನು ನೋಡಿಯೇ ಪಾಲಿಗೆ ತಿಳಿದುಬಿಡುತ್ತಿತ್ತು, ಅದು ಸಪ್ಪಗಾಗುತ್ತಿತ್ತು. ಮಹಾನಗರದಲ್ಲಿರುವ ನಮ್ಮಂಥವರ ಮನೆಗಳಲ್ಲಿ ಊರಿನ ಟ್ರಂಕು ಅಟ್ಟದಿಂದ ಇಳಿದಾಗ ಮಕ್ಕಳು ಕುಣಿಯುವುದನ್ನೂ, ಊರಿನಿಂದ ಮರಳುವಾಗ ಅಜ್ಜಿ ಆ ಟ್ರಂಕಿನ ಕಡೆ ನೋಡದಿರುವುದನ್ನೂ ಬಲ್ಲವರಿಗೆ ಪಾಲಿಯ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು. ಅದಾದ ಕೆಲವೇ ದಿನಗಳಲ್ಲಿ ಪಾಲಿಯೂ ಸತ್ತಿತು. ಡೌನ್ ಊರಿನ ಅವರ ಮನೆಯ ತೋಟದಲ್ಲಿ ಸೇಬಿನ ಮರದ ಬುಡದಲ್ಲಿ ಅದನ್ನು ಹೂಳಿದರು. ಮಗಳು ಬಿಟ್ಟು ಹೋದ ನಾಯಿ ಹೀಗೆ ಹತ್ತು ವರ್ಷ ತಂದೆಯದಾಗಿ ಉಳಿಯಿತು. ಡಾರ್ವಿನ್ ಮಣಲೆರನಂತೆ ಕೇಳಿ ಪಡೆದವರಲ್ಲ, ತಾನಾಗಿ ಬಂದ ಹೊಣೆಯನ್ನು ಸಂತೋಷದಿಂದ ಹೊತ್ತವರು.

ಮೂರನೆಯ ಪ್ರಸಂಗ ಜಪಾನಿನದು. ಹಾಚಿ ಅಥವಾ ಹಾಚಿಕೊ ಎಂಬ ನಾಯಿಯ ಕಥೆಯನ್ನು ಸಿನಿಮಾಗಳಿಂದಾಗಿ ಈಗ ಅನೇಕರು ಬಲ್ಲರು. 1923ರಲ್ಲಿ ಅಕಿತ ಪ್ರಾಂತದಲ್ಲಿ ಹುಟ್ಟಿದ ಆ ನಾಯಿಯನ್ನು ಟೋಕಿಯೋ ವಿಶ್ವವಿದ್ಯಾಲಯದ ಕೃಷಿವಿಜ್ಞಾನದ ಪ್ರಾಧ್ಯಾಪಕ ಉಯೆನೊ ಹಿದೆಸಬುರೊ ಅವರು ಸಾಕಿದರು. ಪ್ರಾಧ್ಯಾಪಕರು ಬರುವ ಹೊತ್ತಿಗೆ ಅದು ಶಿಬುಯ ರೈಲು ನಿಲ್ದಾಣಕ್ಕೆ ಹೋಗಿ ಕಾಯುತ್ತಿತ್ತು. 1925ರ ಮೇ 21ರಂದು ಪ್ರಾಧ್ಯಾಪಕರು ವಿಶ್ವವಿದ್ಯಾಲಯದಲ್ಲೇ ಹಠಾತ್ತನೆ ತೀರಿಕೊಂಡರು. ನಾಯಿ ಮಾತ್ರ ಕಾಯುವುದನ್ನು ಬಿಡಲಿಲ್ಲ. ಎಲ್ಲರೂ ಹೇಳುವ ಕಥೆ ಇಷ್ಟು.

ಎಲ್ಲರೂ ಹೇಳದ ಭಾಗ ನಡುವೆ ಇದೆ. ಪ್ರಾಧ್ಯಾಪಕರು ಹೋದ ಮೇಲೆ ಆ ಮನೆ ಒಡೆಯಿತು. ಅವರ ಸಂಗಾತಿ ಯಾಯೆ ಮನೆ ಬಿಡಬೇಕಾಯಿತು. ಆಗ ನಾಯಿಯನ್ನು ನಂಟರ ಮನೆಗೆ ಕಳಿಸಿದರು. ಆ ನಂಟರದು ಬಟ್ಟೆಯ ವ್ಯಾಪಾರ. ಹಾಚಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ, ದೊಡ್ಡ ಮೈ, ಬೇಕಾದಷ್ಟು ಹುರುಪು. ಅಂಗಡಿಗೆ ಬಂದ ಗಿರಾಕಿಗಳ ಮೇಲೆ ಅದು ಎಗರಿತು. ನಂಟರಿಗೆ ಸಾಕಾಯಿತು. ಅಲ್ಲಿಂದ ಇನ್ನೊಬ್ಬ ನಂಟರ ಮನೆ. ಅಲ್ಲಿಯೂ ನಿಲ್ಲಲಿಲ್ಲ. ಕೊನೆಗೆ 1927ರ ಸುಮಾರಿಗೆ ಪ್ರಾಧ್ಯಾಪಕರ ಮನೆಗೆ ತೋಟದ ಕೆಲಸ ಮಾಡುತ್ತಿದ್ದ ಕೊಬಯಾಶಿ ಕಿಕುಸಬುರೊ ಎಂಬುವನು ಅದನ್ನು ತನ್ನ ಮನೆಗೆ ಕರೆದುಕೊಂಡ. ಅವನ ಮನೆ ಶಿಬುಯದಿಂದ ದೂರವಿರಲಿಲ್ಲ. ಹಾಚಿ ಅಲ್ಲಿ ಉಣ್ಣುತ್ತಿತ್ತು. ಹೊತ್ತಾದಾಗ ಎದ್ದು ನಿಲ್ದಾಣಕ್ಕೆ ಹೋಗುತ್ತಿತ್ತು.

ಆ ತೋಟಗಾರನ ಸ್ಥಿತಿಯನ್ನು ಓದುಗರು ಒಮ್ಮೆ ಯೋಚಿಸಬೇಕು. ಅನ್ನ ಹಾಕುವವನು ತಾನು. ಆದರೆ ನಾಯಿ ಕಾಯುವುದು ಇನ್ನೊಬ್ಬರನ್ನು, ಅದೂ ಎಂದೂ ಬಾರದವರನ್ನು. ಅದನ್ನು ಶಾಶ್ವತವಾಗಿ ಕಟ್ಟಿಹಾಕಿ ತನ್ನ ನಾಯಿ ಮಾಡಿಕೊಳ್ಳಬಹುದಿತ್ತು. ಬಾರದು ಎಂದು ಬಿಟ್ಟುಬಿಡಲೂಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. ಏಳು ವರ್ಷಕ್ಕೂ ಮೀರಿ, ಅದು ಸಾಯುವವರೆಗೂ, ನೋಡಿಕೊಂಡ. ನಿಲ್ದಾಣದಲ್ಲಿ ಮೊದಮೊದಲು ಜನ ಅದನ್ನು ಬೀದಿನಾಯಿಯೆಂದು ಗದರಿಸಿ ಓಡಿಸುತ್ತಿದ್ದರು. 1932ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಅದೇ ಜನ ತಿಂಡಿ ತಂದುಕೊಟ್ಟರು. 1934ರಲ್ಲಿ ಶಿಬುಯ ನಿಲ್ದಾಣದ ಮುಂದೆ ಅದರ ಕಂಚಿನ ಪ್ರತಿಮೆ ಎದ್ದಾಗ ಹಾಚಿ ಬದುಕೇ ಇತ್ತು. 1935ರ ಮಾರ್ಚ್ 8ರಂದು ಅದು ಸತ್ತಿತು. ಎರಡನೆಯ ಮಹಾಯುದ್ಧದಲ್ಲಿ ಆ ಕಂಚನ್ನು ಕರಗಿಸಿದರು. 1948ರಲ್ಲಿ ಮೊದಲ ಶಿಲ್ಪಿಯ ಮಗನೇ ಇನ್ನೊಂದನ್ನು ಮಾಡಿಕೊಟ್ಟ. 2015ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಆವರಣದಲ್ಲಿ ಇನ್ನೊಂದು ಪ್ರತಿಮೆ ನಿಂತಿತು. ಅದರಲ್ಲಿ ಪ್ರಾಧ್ಯಾಪಕರು ಬಂದಿದ್ದಾರೆ, ಹಾಚಿ ಮುಂಗಾಲುಗಳನ್ನೆತ್ತಿ ಅವರ ಮೇಲೆ ಹಾರಿದೆ. ಹಾಚಿಯ ಹೆಸರು ಬಲ್ಲವರಲ್ಲಿ ಕೊಬಯಾಶಿಯ ಹೆಸರು ಬಲ್ಲವರು ಎಷ್ಟು ಮಂದಿ?

ಈ ಮೂವರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಮಣಲೆರ ಕೇಳಿ ಪಡೆದ. ಡಾರ್ವಿನ್ನರ ಬಳಿ ತಾನಾಗಿ ಉಳಿಯಿತು. ಕೊಬಯಾಶಿ, ನಾಯಿ ತನ್ನದಾಗುವುದಿಲ್ಲ ಎಂದು ತಿಳಿದೇ ಇಟ್ಟುಕೊಂಡ. ನಾಯಿ ಯಾರದು ಎಂಬ ಪ್ರಶ್ನೆಗೆ ಮೂರು ಕಡೆ ಮೂರು ಉತ್ತರ. ಆದರೆ ನೋಡಿಕೊಳ್ಳುವವನ ಹೊಣೆ ಎಷ್ಟು ಎಂಬುದಕ್ಕೆ ಮೂರೂ ಕಡೆ ಒಂದೇ ಉತ್ತರ: ಪೂರ್ತಿ. ಹನ್ನೆರಡು ದಿನದ ಮಾತು ಎಂದು ಅದರಲ್ಲಿ ರಿಯಾಯಿತಿ ಇಲ್ಲ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತೆನೆಂದರೆ ಸುಳ್ಳಾಗುತ್ತದೆ. ಐದನೆಯ ದಿನ ಬೆಳಗ್ಗೆ ನೀರಿನ ಟ್ಯಾಂಕಿನ ಹಿಂದೆ ಒಂದು ಬೆಕ್ಕು ಓಡಿತು. ಮೋತಿ ಒಮ್ಮೆ ಹಿಂದಕ್ಕೆ ಜಗ್ಗಿತು. ಮರುಕ್ಷಣ ನನ್ನ ಕೈಯಲ್ಲಿ ಚೈನು, ಚೈನಿನ ತುದಿಗೆ ಖಾಲಿ ಕೊರಳಪಟ್ಟಿ. ದಪ್ಪ ಕುತ್ತಿಗೆ, ಸಣ್ಣ ತಲೆ ಎಂದು ಮೇಲೆ ಹೇಳಿದೆನಲ್ಲ, ಅದರ ಫಲ. ಮುಂದಿನ ಎರಡು ಗಂಟೆ ನಾನೂ ನನ್ನ ಮಗನೂ ಮುಖ್ಯರಸ್ತೆ, ಮಾರುಕಟ್ಟೆ, ರೈಲುಹಳಿಯ ಪಕ್ಕದ ಗಲ್ಲಿ ಎಲ್ಲ ಕಡೆ ಕೂಗುತ್ತ ಅಲೆದೆವು. ಪ್ರತಿ ಬಸ್ಸು ಬ್ರೇಕು ಹಾಕಿದಾಗಲೂ ಎದೆ ಧಸಕ್ಕೆನ್ನುತ್ತಿತ್ತು. ಕಾಶಿಯಲ್ಲಿ ಗಂಗೆಯ ದಡದಲ್ಲಿ ನಿಂತಿರಬಹುದಾದವನಿಗೆ ಫೋನಿನಲ್ಲಿ ಏನೆಂದು ಹೇಳಲಿ ಎಂದು ಮನಸ್ಸಿನಲ್ಲೇ ಹತ್ತು ರೀತಿಯ ವಾಕ್ಯ ಕಟ್ಟಿದೆ. ನಾಚಿಕೆಯ ಮಾತೆಂದರೆ, ಆ ಹತ್ತರಲ್ಲಿ ಒಂಬತ್ತು ವಾಕ್ಯಗಳಲ್ಲಿ ತಪ್ಪು ಬೆಕ್ಕಿನದು, ಇಲ್ಲವೆ ಕೊರಳಪಟ್ಟಿಯದು.

ಕೊನೆಗೆ ಸೋತು ಮನೆಗೆ ಮರಳಿದಾಗ ನಮ್ಮ ಗೇಟಿನ ಕಾವಲುಗಾರ ಕೈಮಾಡಿ ಕರೆದ. ಗೇಟಿನ ಹೊರಗೆ, ಅಂದು ಟ್ಯಾಕ್ಸಿ ನಿಂತಿದ್ದ ಜಾಗದಲ್ಲಿ, ಮೋತಿ ರಸ್ತೆಯತ್ತ ಮುಖ ಮಾಡಿ ಕುಳಿತಿತ್ತು. ಬಹಳ ಹೊತ್ತಿನಿಂದ ಹಾಗೆಯೇ ಕುಳಿತಿದೆ ಎಂದ. ನಾನು ಹತ್ತಿರ ಹೋದಾಗ ಒಮ್ಮೆ ಬಾಲ ಅಲ್ಲಾಡಿಸಿ ಮತ್ತೆ ರಸ್ತೆಯನ್ನೇ ನೋಡತೊಡಗಿತು. ಅದರ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತೆ. ಆ ದಿನ ಕಚೇರಿಗೆ ಅರ್ಧ ದಿನದ ರಜೆ ಬಿತ್ತು. ಮರುದಿನದಿಂದ ಎದೆಗೆ ಸುತ್ತಿ ಕಟ್ಟುವ ಪಟ್ಟಿ ತಂದೆ, ಮತ್ತು ಪ್ರತಿ ಬೆಳಗ್ಗೆ ಓಟ ಮುಗಿದ ಮೇಲೆ ಐದು ನಿಮಿಷ ಅದನ್ನು ಅದೇ ಜಾಗದಲ್ಲಿ ಕೂಡಲು ಬಿಟ್ಟೆ.

ಹದಿಮೂರನೆಯ ದಿನ ಭಾವಮೈದ ಬಂದ. ಮೋತಿ ಅವನ ಮೇಲೆ ಹಾರಿದ ರಭಸಕ್ಕೆ ಗಂಗಾಜಲದ ತಂಬಿಗೆ ಒಂದು ಕಡೆ, ಅವನ ಕನ್ನಡಕ ಒಂದು ಕಡೆ. ಎಲ್ಲ ತಣ್ಣಗಾದ ಮೇಲೆ, ಚಹಾ ಬರುವ ಮೊದಲೇ ನಡೆದದ್ದನ್ನು ಹೇಳಿಬಿಟ್ಟೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಹೊತ್ತು ಎಲ್ಲವನ್ನೂ. ತಪ್ಪು ನನ್ನದು ಎಂಬ ಆ ಹತ್ತನೆಯ ವಾಕ್ಯವನ್ನೇ ಹೇಳಿದೆ. ಕಲ್ಲು ನೆಡಿಸುವ ಪ್ರಸಂಗ ಬರಲಿಲ್ಲವೆಂದ ಮಾತ್ರಕ್ಕೆ ಲೆಕ್ಕ ಒಪ್ಪಿಸುವ ಹೊಣೆ ತಪ್ಪುವುದಿಲ್ಲವಷ್ಟೆ.

ಅವನು ಸ್ವಲ್ಪ ಹೊತ್ತು ನೆಲ ನೋಡುತ್ತ ಕುಳಿತ. ಆಮೇಲೆ ಹೇಳಿದ: “ಮಾಮಾ, ಅದು ನನ್ನ ಕೈಯಾಗಿಂದನೂ ಎರಡ ಸಲ ಹಂಗ ಕೊರಳ ಬಿಡಿಸ್ಕೊಂಡು ಓಡೇತ್ರಿ. ಮದಲ ಹೇಳಿದ್ರ ನೀವು ಇಟ್ಕೊಳ್ಳೂದಿಲ್ಲ ಅಂತ ಹೇಳಲಿಲ್ಲ.”

ಅಡುಗೆಮನೆಯಿಂದ ನನ್ನ ಹೆಂಡತಿ ತಮ್ಮನಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಪ್ಪಿಸಿಕೊಳ್ಳುವವನು ಲೆಕ್ಕ ಕೊಡಬೇಕು, ನಿಜ. ಒಪ್ಪಿಸುವವನೂ ಮೊದಲೇ ಉಳಿದದ್ದೆಲ್ಲ ಹೇಳಬೇಕು. ಬೂತುಗ ಕಾಳಿಯನ್ನು ಕೊಡುವಾಗ ಅದರ ಗುಣದೋಷಗಳನ್ನು ಮಣಲೆರನಿಗೆ ಹೇಳಿದ್ದನೋ ಇಲ್ಲವೋ, ಶಾಸನದಲ್ಲಿ ಆ ಮಾತಿಲ್ಲ.

ಬರುವ ವರ್ಷ ಅವರು ರಾಮೇಶ್ವರಕ್ಕೆ ಹೋಗುವವರಿದ್ದಾರೆ. ಎದೆಪಟ್ಟಿ ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗ ತೂಗುಹಾಕಿದ್ದೇನೆ, ತೆಗೆದಿಲ್ಲ.